ನೋ ಡಿಸ್‌ಪ್ಲೇ: ಕಂಪ್ಯೂಟರ್ ಪರದೆಯಲ್ಲಿ ಚಿತ್ರ ಮೂಡದ ದೋಷ

ನೋ ಡಿಸ್‌ಪ್ಲೇ ಎಂದರೆ ಕಂಪ್ಯೂಟರಿಗೆ ವಿದ್ಯುತ್ ಸಿಕ್ಕಿ, ಫ್ಯಾನ್ ತಿರುಗಿ, ದೀಪ ಹತ್ತಿದರೂ ಪರದೆಯ ಮೇಲೆ ಯಾವ ಚಿತ್ರವೂ ಮೂಡದ ದೋಷಸ್ಥಿತಿ. ದೋಷ ಕಾಣಿಸಿಕೊಳ್ಳುವುದು ಪರದೆಯಲ್ಲಿ. ಇರುವುದು ಹೆಚ್ಚಾಗಿ ಬೇರೆಡೆ, ಅಂದರೆ ಮೆಮೊರಿ, ಗ್ರಾಫಿಕ್ಸ್ ಕಾರ್ಡ್, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್, ಬಯೋಸ್ ಚಿಪ್ ಅಥವಾ ಒಂದು ಕೇಬಲ್‌ನಲ್ಲಿ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯಗಳಲ್ಲಿ "ಸಿಸ್ಟಂ ಆನ್ ಆಗುತ್ತೆ, ಡಿಸ್‌ಪ್ಲೇ ಬರ್ತಿಲ್ಲ" ಎಂಬುದು ಹಾರ್ಡ್‌ವೇರ್ ವಿಭಾಗಕ್ಕೆ ದಿನವೂ ಬರುವ ದೂರು. ಮೊದಲ ಎರಡು ಕಡೆ ಅದು ಲ್ಯಾಪ್‌ಟಾಪ್, ಅದನ್ನು ಮಾನಿಟರಿಗೆ ಕೂಡಿಸುವ ಡಾಕ್ ಮತ್ತು ಸರ್ವರ್‌ಗಳ ದೂರಾದರೆ ಪೀಣ್ಯದಲ್ಲಿ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದ ಪರದೆಯದೂ ಹೌದು.

ಪರಿಭಾಷೆ

ಸರ್ವಿಸ್ ಮೇಜಿನ ಮೇಲೆ ಹಲವು ಬೇರೆ ಬೇರೆ ಸ್ಥಿತಿಗಳಿಗೆ ಈ ಒಂದೇ ಹೆಸರು ಓಡಾಡುತ್ತದೆ. ಅವನ್ನು ಬಿಡಿಸಿಕೊಳ್ಳದೆ ಕೆಲಸಕ್ಕಿಳಿದರೆ ಸುಸ್ಥಿತಿಯ ಬಿಡಿಭಾಗವೂ ಗುಜರಿ ಸೇರುತ್ತದೆ.

ಗುಂಡಿ ಒತ್ತಿದರೂ ಫ್ಯಾನ್ ಅಲುಗದ, ದೀಪ ಹತ್ತದ ಯಂತ್ರವನ್ನು 'ಡೆಡ್' ಎನ್ನುತ್ತಾರೆ. ಅದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಫ್ಯಾನ್ ತಿರುಗಿಯೂ ಆರಂಭದ ಸ್ವಯಂಪರೀಕ್ಷೆ (ಪೋಸ್ಟ್) ಮುಗಿಯದಿದ್ದರೆ ಅದು 'ನೋ ಪೋಸ್ಟ್'. ಸ್ವಯಂಪರೀಕ್ಷೆ ಮುಗಿದು ಯಂತ್ರ ಒಳಗೊಳಗೇ ಕೆಲಸ ಮಾಡುತ್ತಿದ್ದು, ಸಂಕೇತ ಮಾತ್ರ ಮಾನಿಟರ್ ತಲುಪದಿದ್ದರೆ 'ನೋ ಸಿಗ್ನಲ್'. ಸಂಕೇತ ತಲುಪಿ ಚಿತ್ರ ಮೂಡಿದ್ದರೂ ಹಿಂಬದಿಯ ಬೆಳಕಿಲ್ಲದೆ ಕಣ್ಣಿಗೆ ಬೀಳದಿದ್ದರೆ 'ಬ್ಯಾಕ್‌ಲೈಟ್ ದೋಷ'. ತಯಾರಕರ ಲಾಂಛನ ಬಂದುಹೋದ ಮೇಲೆ ವಿಂಡೋಸ್ ಅಥವಾ ಲಿನಕ್ಸ್ ಏಳುವ ಹೊತ್ತಿಗೆ ಎಲ್ಲ ಕಪ್ಪಾದರೆ ಅದು 'ಕಪ್ಪು ಪರದೆ', ಬಹುಪಾಲು ಸಾಫ್ಟ್‌ವೇರ್ ದೋಷ. ಈ ಲೇಖನದಲ್ಲಿ 'ಪರದೆ' ಎಂದರೆ ಚಿತ್ರ ಮೂಡುವ ಫಲಕ, 'ಮಾನಿಟರ್' ಎಂದರೆ ಫಲಕ, ಅದರ ವಿದ್ಯುತ್ ಭಾಗ ಮತ್ತು ನಿಯಂತ್ರಣ ಬೋರ್ಡು ಸೇರಿದ ಇಡೀ ಉಪಕರಣ.

ಹಿನ್ನೆಲೆ

1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿ, ಆನ್ ಆದೊಡನೆ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ಪದ್ಧತಿಯನ್ನು ಮೇಜಿನ ಕಂಪ್ಯೂಟರಿಗೆ ರೂಢಿಸಿತು. ಪೋಸ್ಟ್ ಎಂಬ ಸಂಕ್ಷಿಪ್ತನಾಮದ ಈ ಪರೀಕ್ಷೆಗೆ ಒಂದು ತೊಡಕಿತ್ತು: ಚಿತ್ರ ತೋರಿಸುವ ಭಾಗವೇ ಕೆಟ್ಟಿದ್ದರೆ ಅದನ್ನು ಪರದೆಯ ಮೇಲೆ ಬರೆದು ಹೇಳುವಂತಿಲ್ಲ. ಅದಕ್ಕೆ ಪರಿಹಾರವಾಗಿ ಬಂದದ್ದು ಬೀಪ್. ಒಂದು ಚಿಕ್ಕ ಬೀಪ್ ಎಂದರೆ ಎಲ್ಲ ಸರಿ. ಒಂದು ಉದ್ದ, ಎರಡು ಚಿಕ್ಕ ಬೀಪ್ ಎಂದರೆ ಚಿತ್ರಭಾಗದ ದೋಷ. 1984ರ ಐಬಿಎಂ ಪಿಸಿ ಎಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರೀಕ್ಷೆಯ ಪ್ರತಿ ಹಂತದಲ್ಲೂ 80ಎಚ್ ಎಂಬ ವಿಳಾಸಕ್ಕೆ ಒಂದು ಸಂಖ್ಯೆ ಬರೆಯತೊಡಗಿತು. ಆ ಸಂಖ್ಯೆಯನ್ನು ಎರಡು ಅಂಕೆಯಲ್ಲಿ ಬೆಳಗಿಸಿ ತೋರಿಸುವ 'ಪೋಸ್ಟ್ ಕಾರ್ಡ್' ಮುಂದೆ ದುರಸ್ತಿಗಾರರ ಪೆಟ್ಟಿಗೆಯ ಸಾಮಾನ್ಯ ಸಲಕರಣೆಯಾಯಿತು.

ಕೊಂಡಿಗಳೂ ಕಾಲಕಾಲಕ್ಕೆ ಬದಲಾದವು. 15 ಪಿನ್ನಿನ ವಿಜಿಎ 1987ರಲ್ಲಿ, ಡಿವಿಐ 1999ರಲ್ಲಿ, ಎಚ್‌ಡಿಎಂಐ 2002ರಲ್ಲಿ, ಡಿಸ್‌ಪ್ಲೇಪೋರ್ಟ್ 2006ರಲ್ಲಿ ಬಂದವು. ವಿಜಿಎ ಕೇಬಲ್ ಸಡಿಲವಾದರೆ ಬಣ್ಣ ಕೆಡುತ್ತಿತ್ತು, ಚಿತ್ರ ನಡುಗುತ್ತಿತ್ತು. ಡಿಜಿಟಲ್ ಕೊಂಡಿಗಳಲ್ಲಿ ಅಂಥ ಮುನ್ಸೂಚನೆ ಕಡಿಮೆ, ಬಂದರೆ ಪೂರ್ತಿ, ಹೋದರೂ ಪೂರ್ತಿ.

ಬೆಂಗಳೂರಿನ ಮಟ್ಟಿಗೆ ಈ ಕತೆಗೆ ನೆಲ ಸಿದ್ಧವಾದದ್ದು ಸ್ವಲ್ಪ ಮೊದಲೇ. 1976ರಲ್ಲಿ ಸ್ಥಾಪನೆಯಾದ ಕಿಯೋನಿಕ್ಸ್ ಸಂಸ್ಥೆ ಆರ್. ಕೆ. ಬಾಳಿಗರ ಮುಂದಾಳ್ತನದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದದ್ದೂ 1970ರ ದಶಕದಲ್ಲಿಯೇ. ವೈಟ್‌ಫೀಲ್ಡ್‌ನ ಸರದಿ 1990ರ ದಶಕದಲ್ಲಿ ಐಟಿಪಿಎಲ್ ಟೆಕ್ ಪಾರ್ಕ್‌ನೊಂದಿಗೆ ಬಂತು. ಮೂರೂ ಕಡೆಯ ಕಂಪ್ಯೂಟರುಗಳ ಬಿಡಿಭಾಗಕ್ಕೆ ಮಾತ್ರ ದಾರಿ ಒಂದೇ, ನಗರದ ನಡುವಿನ ಎಸ್. ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ.

ಚಿತ್ರ ಮೂಡುವ ಸರಣಿ

ಗುಂಡಿ ಒತ್ತಿದಾಗಿನಿಂದ ಚಿತ್ರ ಬರುವವರೆಗೆ ನಡೆಯುವ ಕ್ರಮ ತಿಳಿದಿದ್ದರೆ ದೋಷ ಹುಡುಕುವ ಕ್ರಮವೂ ತಾನಾಗಿ ಸಿಗುತ್ತದೆ.

ಎಸ್‌ಎಂಪಿಎಸ್ ಮೊದಲು 12, 5 ಮತ್ತು 3.3 ವೋಲ್ಟ್‌ಗಳನ್ನು ಸ್ಥಿರಗೊಳಿಸಿ, 'ವಿದ್ಯುತ್ ಸರಿಯಿದೆ' ಎಂಬ ಸಂಕೇತವನ್ನು ಮದರ್‌ಬೋರ್ಡಿಗೆ ಕೊಡುತ್ತದೆ. ಮದರ್‌ಬೋರ್ಡಿನ ನಿಯಂತ್ರಕಗಳು 12 ವೋಲ್ಟನ್ನು ಪ್ರೊಸೆಸರ್ ತಾಳುವ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುತ್ತವೆ. ಪ್ರೊಸೆಸರ್ ಎದ್ದು, ಎಂಟು ಪಿನ್ನಿನ ಸಣ್ಣ ಫ್ಲಾಶ್ ಚಿಪ್‌ನಲ್ಲಿರುವ ಬಯೋಸ್ ಅಥವಾ ಯುಇಎಫ್‌ಐ ಸೂಚನೆಗಳನ್ನು ಓದುತ್ತದೆ. ಮುಂದಿನದು ಮೆಮೊರಿ: ರ್‍ಯಾಮ್ ಎಷ್ಟಿದೆ, ಯಾವ ವೇಗಕ್ಕೆ ಒಗ್ಗುತ್ತದೆ ಎಂಬುದನ್ನು ಯಂತ್ರ ಇಲ್ಲಿ ಅಳೆದು ಹೊಂದಿಸಿಕೊಳ್ಳುತ್ತದೆ. ಚಿತ್ರಭಾಗ ಎಚ್ಚರಗೊಳ್ಳುವುದು ಆಮೇಲೆ. ಆದ್ದರಿಂದ ರ್‍ಯಾಮ್ ಕೈಕೊಟ್ಟರೆ ಪರದೆಗೆ ಸರದಿಯೇ ಬರುವುದಿಲ್ಲ.

ಕೊನೆಯ ಹಂತದಲ್ಲಿ ಗ್ರಾಫಿಕ್ಸ್ ಭಾಗ ಕೇಬಲ್ ಮೂಲಕ ಮಾನಿಟರನ್ನು ವಿಚಾರಿಸುತ್ತದೆ. ಮಾನಿಟರ್ ತಾನು ತೋರಬಲ್ಲ ಅಳತೆ ಮತ್ತು ವೇಗಗಳ ಪಟ್ಟಿಯನ್ನು ಮರಳಿ ಕಳಿಸುತ್ತದೆ. 1994ರಲ್ಲಿ ವೆಸಾ ಸಂಸ್ಥೆ ಗೊತ್ತುಪಡಿಸಿದ ಈ ವಿವರಪಟ್ಟಿಗೆ ಇಡಿಐಡಿ ಎಂದು ಹೆಸರು. ಪಟ್ಟಿ ಸರಿಯಾಗಿ ಬಾರದಿದ್ದರೆ ಗ್ರಾಫಿಕ್ಸ್ ಭಾಗ ಸಂಕೇತವನ್ನೇ ಕಳಿಸದಿರಬಹುದು, ಇಲ್ಲವೆ ಮಾನಿಟರಿಗೆ ಒಗ್ಗದ ಸಂಕೇತ ಕಳಿಸಬಹುದು.

ಕಾರಣಗಳು

ರ್‍ಯಾಮ್ ಸಡಿಲವಾಗುವುದು ಡೆಸ್ಕ್‌ಟಾಪ್‌ಗಳಲ್ಲಿ ಅತಿ ಸಾಮಾನ್ಯ ಕಾರಣಗಳಲ್ಲೊಂದು. ಸಾಗಾಟದ ಅಲುಗಾಟ, ಬಿಸಿ ಏರಿ ಇಳಿಯುವಾಗಿನ ಹಿಗ್ಗು ಕುಗ್ಗು, ಸಂಪರ್ಕಪಟ್ಟಿಯ ಮೇಲಿನ ಕಿಲುಬು ಇದಕ್ಕೆ ಹಿನ್ನೆಲೆ. ಮಾರ್ಚ್ 2020ರ ಲಾಕ್‌ಡೌನ್ ಹೊತ್ತಿಗೆ ಅನೇಕ ಐಟಿ ಕಂಪನಿಗಳು ಡೆಸ್ಕ್‌ಟಾಪ್‌ಗಳನ್ನು ಉದ್ಯೋಗಿಗಳ ಮನೆಗೆ ಸಾಗಿಸಿದವು. ಹಾಗೆ ಗಾಡಿ ಹತ್ತಿ ಇಳಿದ ಯಂತ್ರ ಚಿತ್ರ ತೋರದಿದ್ದರೆ ರ್‍ಯಾಮ್ ಮತ್ತು ಗ್ರಾಫಿಕ್ಸ್ ಕಾರ್ಡುಗಳ ಮೇಲೆ ಮೊದಲ ಅನುಮಾನ.

ಹೊಸದಾಗಿ ಜೋಡಿಸಿದ ಯಂತ್ರದ ಕಾರಣಗಳು ಬೇರೆ. ಪ್ರೊಸೆಸರ್ ಪಕ್ಕದ ನಾಲ್ಕು ಅಥವಾ ಎಂಟು ಪಿನ್ನಿನ 12 ವೋಲ್ಟ್ ಕೊಂಡಿ ಹಾಕುವುದು ಮರೆತರೆ ಫ್ಯಾನ್ ತಿರುಗುತ್ತದೆ, ಪ್ರೊಸೆಸರ್ ಏಳುವುದಿಲ್ಲ. ಇಂಟೆಲ್‌ನ ಹೆಸರಿನ ಕೊನೆಗೆ ಎಫ್ ಅಕ್ಷರವಿರುವ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡದು. ಎಎಂಡಿ ರೈಜೆನ್ 5000 ಸರಣಿಯವರೆಗೆ ಜಿ ಅಕ್ಷರವಿಲ್ಲದ ಸಾಮಾನ್ಯ ಡೆಸ್ಕ್‌ಟಾಪ್ ಮಾದರಿಗಳಿಗೂ ಅದೇ ಮಾತು. ಇಂಥ ಯಂತ್ರದಲ್ಲಿ ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಕೇಬಲ್ ಚುಚ್ಚಿ ಎಷ್ಟು ಹೊತ್ತು ಕಾದರೂ ಏನೂ ಬರುವುದಿಲ್ಲ. ಡಿಡಿಆರ್5 ಮೆಮೊರಿಯ ಯಂತ್ರ ಮೊದಲ ಸಲ ಆನ್ ಆದಾಗ ಮೆಮೊರಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ಹಿಡಿಯಬಹುದು. ತಾಳ್ಮೆಗೆಟ್ಟು ನಡುವೆಯೇ ಆಫ್ ಮಾಡಿದರೆ ಎಲ್ಲ ಮೊದಲಿಂದ ಶುರು.

ಹಳೆಯ ಯಂತ್ರಗಳಲ್ಲಿ ಉಬ್ಬಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಕುಖ್ಯಾತ. 2000ದ ದಶಕದ ಮೊದಲರ್ಧದ ಅನೇಕ ಮದರ್‌ಬೋರ್ಡುಗಳು ದೋಷಯುಕ್ತ ಕೆಪಾಸಿಟರ್‌ಗಳಿಂದಲೇ ಹಾಳಾದವು. ಗ್ರಾಫಿಕ್ಸ್ ಚಿಪ್ಪಿನ ಅಡಿಯ ಬೆಸುಗೆ ಬಿರುಕು ಬಿಡುವುದು ಇನ್ನೊಂದು. 2008ರ ಜುಲೈನಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಪ್ಯಾಕೇಜಿಂಗ್ ದೌರ್ಬಲ್ಯವನ್ನು ಒಪ್ಪಿಕೊಂಡು ಅದರ ವೆಚ್ಚಕ್ಕಾಗಿ ಲೆಕ್ಕಪತ್ರದಲ್ಲಿ 19.6 ಕೋಟಿ ಡಾಲರ್ ತೆಗೆದಿರಿಸಿತು. ಬಿಸಿಗಾಳಿಯಿಂದ ಚಿಪ್ ಕಾಯಿಸಿ ಚಿತ್ರ ಮರಳಿಸುವ ತಾತ್ಕಾಲಿಕ ಉಪಾಯ ದುರಸ್ತಿ ಅಂಗಡಿಗಳಲ್ಲಿ ಹಬ್ಬಿದ್ದು ಆ ಕಾಲದ ಲ್ಯಾಪ್‌ಟಾಪ್‌ಗಳ ಮೇಲೆಯೇ. ಹೀಗೆ ಕಾಯಿಸಿದ ಬೋರ್ಡು ಕೆಲವು ವಾರ ಇಲ್ಲವೆ ತಿಂಗಳಲ್ಲಿ ಮತ್ತೆ ಕೈಕೊಡುವುದು ಸಾಮಾನ್ಯವಾದ್ದರಿಂದ ಅದನ್ನು ದುರಸ್ತಿ ಎನ್ನುವುದು ಸರಿಯಲ್ಲ.

ಬಯೋಸ್ ನವೀಕರಣದ ನಡುವೆ ಕರೆಂಟು ಹೋಗುವುದು, 3 ವೋಲ್ಟಿನ ಸಿಆರ್2032 ಬಿಲ್ಲೆ ಸೆಲ್ ಸತ್ತು ಹೊಂದಿಕೆಗಳು ಕೆಡುವುದು, ಇಪ್ಪತ್ತನೆಯ ಪಿನ್ನನ್ನೂ ಜೋಡಿಸಿರುವ ನಿಯಮಬಾಹಿರ ಡಿಸ್‌ಪ್ಲೇಪೋರ್ಟ್ ಕೇಬಲ್ ಮಾನಿಟರಿನಿಂದ ಕಂಪ್ಯೂಟರಿಗೆ ಹಿಮ್ಮುಖವಾಗಿ ವೋಲ್ಟೇಜ್ ನುಗ್ಗಿಸುವುದು, ಇವೂ ಪಟ್ಟಿಯಲ್ಲಿವೆ.

ಪತ್ತೆಕ್ರಮ

ಒಳಗಿನ ತಿರುಪು ಬಿಚ್ಚುವ ಮೊದಲು ಹೊರಗಿನದನ್ನು ನೋಡುವುದು ಕ್ರಮ. ಮಾನಿಟರ್ ದೀಪ ಹತ್ತಿದೆಯೇ, ಅದರ ಇನ್‌ಪುಟ್ ಆಯ್ಕೆ ಕೇಬಲ್ ಚುಚ್ಚಿದ ಕಿಂಡಿಗೇ ಇದೆಯೇ, ಕೇಬಲ್ ಗ್ರಾಫಿಕ್ಸ್ ಕಾರ್ಡಿನಲ್ಲಿದೆಯೇ ಮದರ್‌ಬೋರ್ಡಿನಲ್ಲಿದೆಯೇ ಎಂದು ನೋಡಿ, ಅದೇ ಮಾನಿಟರ್ ಮತ್ತು ಅದೇ ಕೇಬಲನ್ನು ಸರಿಯಿರುವ ಇನ್ನೊಂದು ಯಂತ್ರಕ್ಕೆ ಹಾಕಿ ಪರೀಕ್ಷಿಸಬೇಕು. ಮಾನಿಟರ್ 'ನೋ ಸಿಗ್ನಲ್' ಎಂದು ಬರೆದು ತೋರಿಸಿದರೆ ಅದರ ಫಲಕ ಮತ್ತು ಹಿಂಬೆಳಕು ಚೆನ್ನಾಗಿವೆ ಎಂದೇ ಅರ್ಥ. 'ಔಟ್ ಆಫ್ ರೇಂಜ್' ಎಂದರೆ ಸಂಕೇತ ಬರುತ್ತಿದೆ, ವೇಗ ಹೊಂದುತ್ತಿಲ್ಲ.

ಯಂತ್ರ ಒಳಗೆ ಜೀವಂತವಾಗಿದೆಯೇ ಎಂದು ತಿಳಿಯಲು ಪರದೆ ಬೇಕಿಲ್ಲ. ಕೀಬೋರ್ಡಿನ ಕ್ಯಾಪ್ಸ್‌ಲಾಕ್ ಒತ್ತಿದಾಗ ಅದರ ದೀಪ ಹತ್ತಿ ಆರಿದರೆ ಯಂತ್ರ ಸ್ವಯಂಪರೀಕ್ಷೆ ದಾಟಿರುವ ಸಂಭವ ಹೆಚ್ಚು. ಕಚೇರಿಯ ಜಾಲದಲ್ಲಿದ್ದರೆ ಪಕ್ಕದ ಯಂತ್ರದಿಂದ ಪಿಂಗ್ ಮಾಡಬಹುದು. ವಿಂಡೋಸ್, ಕಂಟ್ರೋಲ್ ಮತ್ತು ಎಂಟರ್ ಕೀಲಿಗಳನ್ನು ಕೂಡಿಸಿ ಒತ್ತಿದರೆ ದೃಷ್ಟಿದೋಷ ಇರುವವರಿಗಾಗಿ ಇಟ್ಟ ನರೇಟರ್ ಸೌಲಭ್ಯ ಮಾತಾಡತೊಡಗುತ್ತದೆ. ಸ್ಪೀಕರಿನಿಂದ ದನಿ ಬಂದರೆ ರ್‍ಯಾಮ್, ಪ್ರೊಸೆಸರ್, ಡಿಸ್ಕು ಎಲ್ಲವೂ ಸರಿಯಿವೆ, ಹುಡುಕಬೇಕಾದದ್ದು ಚಿತ್ರದ ದಾರಿಯಲ್ಲಿ ಮಾತ್ರ. ಈ ಪರೀಕ್ಷೆಗೆ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೂಡಿಸಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರು ಆರಂಭಗೊಳ್ಳುತ್ತದೆ. ವಿಂಡೋಸ್ ಮತ್ತು ಪಿ ಕೂಡಿಸಿದರೆ ಚಿತ್ರ ಯಾವ ಪರದೆಗೆ ಎಂಬ ಆಯ್ಕೆ ಬದಲಾಗುತ್ತದೆ.

ಯಂತ್ರ ಏಳುತ್ತಲೇ ಇಲ್ಲವೆಂದಾದರೆ ಅದರ ಸೂಚನೆಗಳನ್ನು ಓದಬೇಕು. ಈಚಿನ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್, ಬೂಟ್ ಎಂದು ಗುರುತು ಹಾಕಿದ ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವುದು ಹತ್ತಿ ನಿಂತಿತೋ ತಡೆ ಅಲ್ಲಿ. ಕಚೇರಿಗಳಲ್ಲಿ ಕಾಣುವ ಡೆಲ್ ಲ್ಯಾಪ್‌ಟಾಪ್‌ಗಳಲ್ಲಿ ದೀಪ ಎರಡು ಸಲ ಹಳದಿ, ಮೂರು ಸಲ ಬಿಳಿ ಮಿನುಗಿದರೆ ಮೆಮೊರಿ ಪತ್ತೆಯಾಗಿಲ್ಲ. ಎರಡು ಹಳದಿ, ಏಳು ಬಿಳಿ ಎಂದರೆ ಪರದೆಯ ದೋಷ. ಬೀಪ್ ಇನ್ನೂ ಬಳಕೆಯಲ್ಲಿದೆ, ಆದರೆ ಸ್ಪೀಕರ್ ಇಲ್ಲದ ಕ್ಯಾಬಿನೆಟ್‌ಗಳೇ ಹೆಚ್ಚಾದ್ದರಿಂದ ಅದನ್ನು ಕೇಳಲು ಚಿಕ್ಕ ಸ್ಪೀಕರೊಂದನ್ನು ಚುಚ್ಚಬೇಕಾಗುತ್ತದೆ. ಬೀಪ್ ಲಿಪಿ ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ ಬಾಯಿಪಾಠ ನೆಚ್ಚದೆ ಆಯಾ ಬೋರ್ಡಿನ ಕೈಪಿಡಿ ನೋಡುವುದು ಕ್ಷೇಮ.

ಮುಂದಿನದು ಕನಿಷ್ಠ ಜೋಡಣೆ. ವಿದ್ಯುತ್ ತೆಗೆದು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ವಿದ್ಯುದಾವೇಶ ಹೊರಹಾಕಿ, ಡಿಸ್ಕು, ಯುಎಸ್‌ಬಿ ಸಾಧನ, ಹೆಚ್ಚುವರಿ ಕಾರ್ಡುಗಳನ್ನೆಲ್ಲ ಬಿಡಿಸಿ, ಪ್ರೊಸೆಸರ್, ಅದರ ಫ್ಯಾನ್, ಒಂದೇ ರ್‍ಯಾಮ್ ಪಟ್ಟಿ ಮತ್ತು ವಿದ್ಯುತ್ ಮಾತ್ರ (ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡನ್ನೂ) ಉಳಿಸಿ ಆನ್ ಮಾಡಬೇಕು. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಆ ಒಂದು ಪಟ್ಟಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಸ್ಲಾಟಿನಲ್ಲಿರಬೇಕು. ರ್‍ಯಾಮ್ ಕೂರಿಸುವಾಗ ಕೆಳಗಿನ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದಿ, ಎರಡೂ ತುದಿಗೆ ಸಮನಾಗಿ ಒತ್ತಿದಾಗ ಕೊಂಡಿ ತಾನಾಗಿ 'ಕ್ಲಿಕ್' ಎಂದು ಮುಚ್ಚಿಕೊಳ್ಳಬೇಕು. ಒಂದು ತುದಿ ಕೂದಲೆಳೆಯಷ್ಟು ಮೇಲೆ ನಿಂತರೂ ಯಂತ್ರ ಏಳದು, ಮೇಲಿನಿಂದ ನೋಡಿದರೆ ಅದು ಗೊತ್ತೂ ಆಗದು. ಬೋರ್ಡಿನ ಮಟ್ಟಕ್ಕೆ ಕಣ್ಣಿಟ್ಟು ಅಡ್ಡಲಾಗಿ ನೋಡಬೇಕು.

ರ್‍ಯಾಮ್ ಪಟ್ಟಿಯ ಹೊಂಬಣ್ಣದ ಸಂಪರ್ಕಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ಎಸ್. ಪಿ. ರಸ್ತೆಯಿಂದ ಪೀಣ್ಯದವರೆಗೆ ಎಲ್ಲೆಡೆ ನಡೆಯುವ ಪದ್ಧತಿ. ಕಿಲುಬು ಹೋಗುತ್ತದೆ ನಿಜ. ಚಿನ್ನದ ಲೇಪ ಅತಿ ತೆಳುವಾದ್ದರಿಂದ ಪದೇ ಪದೇ ಉಜ್ಜಿದರೆ ಅದೂ ಹೋಗುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಹೊಸ ತೊಂದರೆ. ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ, ಎಳೆ ಬಿಡದ ಬಟ್ಟೆಯೇ ಉತ್ತಮ.

ಇಷ್ಟಕ್ಕೂ ಮಣಿಯದಿದ್ದರೆ ಬಿಲ್ಲೆ ಸೆಲ್ ತೆಗೆದು ಅಥವಾ ಬೋರ್ಡಿನ ಜಂಪರ್ ಕೂಡಿಸಿ ಬಯೋಸ್ ಹೊಂದಿಕೆಗಳನ್ನು ಅಳಿಸುವುದು, ಬೇರೆ ರ್‍ಯಾಮ್, ಬೇರೆ ಎಸ್‌ಎಂಪಿಎಸ್, ಬೇರೆ ಗ್ರಾಫಿಕ್ಸ್ ಕಾರ್ಡನ್ನು ಒಂದೊಂದಾಗಿ ಬದಲಿಸಿ ನೋಡುವುದು ಉಳಿದ ದಾರಿ. ಒಟ್ಟೊಟ್ಟಿಗೆ ಎರಡನ್ನು ಬದಲಿಸಿದರೆ ಚಿತ್ರ ಬಂದರೂ ಕಾರಣ ತಿಳಿಯುವುದಿಲ್ಲ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು: 230 ವೋಲ್ಟ್ ಪೂರೈಕೆಯಲ್ಲಿ ಅದರೊಳಗಿನ ಕೆಪಾಸಿಟರ್ 300 ವೋಲ್ಟಿಗೂ ಮೇಲೆ ತುಂಬಿಕೊಳ್ಳುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಾಗೇ ಇರಬಲ್ಲದು.

ಲ್ಯಾಪ್‌ಟಾಪ್‌ಗಳಲ್ಲಿ

ಲ್ಯಾಪ್‌ಟಾಪ್‌ನ ಮೊದಲ ಪರೀಕ್ಷೆ ಹೊರಗಿನ ಮಾನಿಟರ್. ಅದರಲ್ಲಿ ಚಿತ್ರ ಬಂದು ಸ್ವಂತ ಪರದೆಯಲ್ಲಿ ಬಾರದಿದ್ದರೆ ದೋಷ ಫಲಕದಲ್ಲಿ ಅಥವಾ ಕೀಲಿನೊಳಗೆ ಹಾದುಹೋಗುವ ಚಪ್ಪಟೆ ಕೇಬಲ್‌ನಲ್ಲಿ. ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಬಾಗಿಸಿದಾಗ ಚಿತ್ರ ಮಿಂಚಿ ಮಾಯವಾದರೆ ಕೇಬಲ್ ಸವೆದಿದೆ. ಎರಡರಲ್ಲೂ ಬಾರದಿದ್ದರೆ ದೋಷ ಹೆಚ್ಚಾಗಿ ಬೋರ್ಡಿನದು ಅಥವಾ ಮೆಮೊರಿಯದು.

ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದರೆ ಬ್ಯಾಕ್‌ಲೈಟ್ ದೋಷ ಗೊತ್ತಾಗುತ್ತದೆ: ಗಡಿಯಾರ, ಫೋಲ್ಡರ್ ಗುರುತುಗಳು ಮಸುಕು ನೆರಳಿನಂತೆ ಕಾಣುತ್ತವೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ತೆಳು ಟ್ಯೂಬ್ ದೀಪ ಮತ್ತು ಅದಕ್ಕೆ ಹೆಚ್ಚಿನ ವೋಲ್ಟೇಜ್ ಕೊಡುವ ಇನ್ವರ್ಟರ್ ಕೆಡುತ್ತಿದ್ದವು. ಎಲ್‌ಇಡಿ ಹಿಂಬೆಳಕು ಬಂದ ಮೇಲೆ ಬೋರ್ಡಿನ ಮೇಲಿನ ಫ್ಯೂಸ್, ಚಾಲಕ ಚಿಪ್‌ಗಳು ಆ ಜಾಗ ಹಿಡಿದಿವೆ. ಡೆಲ್ ಲ್ಯಾಪ್‌ಟಾಪ್‌ನಲ್ಲಿ ಡಿ ಕೀಲಿ ಹಿಡಿದು ಆನ್ ಮಾಡಿದರೆ ಪರದೆ ಒಂದಾದ ಮೇಲೊಂದು ಬಣ್ಣ ತೋರಿಸಿ ತನ್ನ ಆರೋಗ್ಯವನ್ನು ತಾನೇ ಹೇಳುತ್ತದೆ. ಮುಚ್ಚಳ ಮುಚ್ಚಿದೆಯೆಂದು ತಿಳಿಸುವ ಸಂವೇದಕಕ್ಕೆ ಅಯಸ್ಕಾಂತ ಸಾಕಾದ್ದರಿಂದ, ಒಂದರ ಮೇಲೊಂದು ಇಟ್ಟ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಮೇಲಿನದರ ಪರದೆ ಆರಿಹೋಗುವುದೂ ಉಂಟು.

ಐಟಿ ಕಚೇರಿಗಳಲ್ಲಿ

ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಗೊತ್ತಾದ ಕುರ್ಚಿಯಿಲ್ಲದೆ, ಸಿಕ್ಕ ಮೇಜಿನ ಡಾಕ್‌ಗೆ ಲ್ಯಾಪ್‌ಟಾಪ್ ಚುಚ್ಚುವ ಪದ್ಧತಿ ಇದ್ದಲ್ಲಿ ದೂರಿನ ಸ್ವರೂಪವೇ ಬೇರೆ. ಯುಎಸ್‌ಬಿ-ಸಿ ಕಿಂಡಿ ನೋಡಲು ಎಲ್ಲೆಡೆ ಒಂದೇ, ಆದರೆ ಎಲ್ಲ ಕಿಂಡಿಗಳೂ ಚಿತ್ರ ಸಾಗಿಸುವುದಿಲ್ಲ. ಚಾರ್ಜಿಂಗ್‌ಗೆಂದು ಬಂದ ಯುಎಸ್‌ಬಿ-ಸಿ ಕೇಬಲ್‌ಗಳಲ್ಲೂ ಅನೇಕವಕ್ಕೆ ಆ ತಂತಿಗಳೇ ಇರುವುದಿಲ್ಲ. ಡಿಸ್‌ಪ್ಲೇಲಿಂಕ್ ಮಾದರಿಯ ಡಾಕ್‌ಗಳು ಚಿತ್ರವನ್ನು ಸಾಫ್ಟ್‌ವೇರ್ ಮೂಲಕ ಕಳಿಸುತ್ತವೆ. ಡ್ರೈವರ್ ಏಳುವವರೆಗೆ ಬಯೋಸ್ ಪರದೆಯಾಗಲಿ, ಡಿಸ್ಕಿನ ಪಾಸ್‌ವರ್ಡ್ ಕೇಳುವ ಪರದೆಯಾಗಲಿ ಅವುಗಳಲ್ಲಿ ಕಾಣುವುದಿಲ್ಲ, ಇದು ದೋಷವಲ್ಲ. ಒಂದು ಕೇಬಲ್‌ನಿಂದ ಎರಡು ಮಾನಿಟರ್ ನಡೆಸುವ ಡಿಸ್‌ಪ್ಲೇಪೋರ್ಟ್ ಕವಲು ವಿಧಾನಕ್ಕೆ ಮ್ಯಾಕ್‌ಓಎಸ್ ಬೆಂಬಲವಿಲ್ಲದ್ದರಿಂದ, ವಿಂಡೋಸ್ ಲ್ಯಾಪ್‌ಟಾಪ್‌ಗೆ ಎರಡು ಚಿತ್ರ ಕೊಟ್ಟ ಅದೇ ಡಾಕ್ ಮ್ಯಾಕ್‌ಬುಕ್‌ಗೆ ಎರಡರಲ್ಲೂ ಒಂದೇ ಚಿತ್ರ ತೋರಿಸುತ್ತದೆ. ಡಾಕ್‌ನ ಅಡಾಪ್ಟರ್ ಕಿತ್ತು ಕೆಲವು ಸೆಕೆಂಡು ಬಿಟ್ಟು ಮತ್ತೆ ಹಾಕುವುದರಿಂದ ಬಗೆಹರಿಯುವ ದೂರುಗಳೇ ಬಹಳ.

ಡೇಟಾ ಸೆಂಟರ್‌ಗಳ ಸರ್ವರ್‌ಗಳಿಗೆ ಮಾನಿಟರ್ ಇಲ್ಲದಿರುವುದೇ ಸಹಜ ಸ್ಥಿತಿ. ಬೋರ್ಡಿನ ಮೇಲಿನ ಪ್ರತ್ಯೇಕ ನಿರ್ವಹಣಾ ಚಿಪ್ ಆರಂಭದ ಚಿತ್ರವನ್ನೂ ದೋಷದ ದಾಖಲೆಯನ್ನೂ ಜಾಲದ ಮೂಲಕ ದೂರದಿಂದ ತೋರಿಸುತ್ತದೆ. ಡೆಲ್‌ನ ಐಡ್ರ್ಯಾಕ್, ಎಚ್‌ಪಿಇಯ ಐಎಲ್‌ಒ ಇದರ ರೂಪಗಳು. ಮುಖ್ಯ ಯಂತ್ರ ಆಫ್ ಆಗಿದ್ದರೂ ಈ ಚಿಪ್ ಎಚ್ಚರವಿರುತ್ತದೆ.

ಪೀಣ್ಯದ ಸಿಎನ್‌ಸಿ ಪರದೆಗಳು

ಸಿಎನ್‌ಸಿ ಲೇತ್ ತಯಾರಿಸುವ ಏಸ್ ಡಿಸೈನರ್ಸ್‌ನಂಥ ಕಂಪನಿಗಳೂ, ಅಂಥ ಯಂತ್ರ ಒಂದೆರಡನ್ನಿಟ್ಟುಕೊಂಡು ಜಾಬ್‌ವರ್ಕ್ ಮಾಡುವ ಸಣ್ಣ ಶೆಡ್‌ಗಳೂ ಪೀಣ್ಯದಲ್ಲಿವೆ. ಇಲ್ಲಿ ಪರದೆ ಆರಿದರೆ ಉತ್ಪಾದನೆ ನಿಂತಂತೆ. ಹಾಗೆಂದು ಮೇಜಿನ ಕಂಪ್ಯೂಟರಿನ ಪತ್ತೆಕ್ರಮವನ್ನು ನೇರ ಇಲ್ಲಿಗೆ ತರುವಂತಿಲ್ಲ.

ಮೊದಲ ವ್ಯತ್ಯಾಸ ಸುರಕ್ಷತೆಯದು. ಸಿಎನ್‌ಸಿಯಲ್ಲಿ ಚಿತ್ರ ತೋರಿಸುವ ಭಾಗವೂ ಯಂತ್ರ ನಡೆಸುವ ಭಾಗವೂ ಬೇರೆ ಬೇರೆಯಾಗಿರುವುದುಂಟು. ಸೀಮೆನ್ಸ್ ಸಿನುಮೆರಿಕ್‌ನ ಕೆಲವು ಮಾದರಿಗಳಲ್ಲಿ ಪರದೆಯ ಹಿಂದೆ ವಿಂಡೋಸ್ ಓಡಿಸುವ ಪಿಸಿಯು ಎಂಬ ಕಂಪ್ಯೂಟರ್ ಇದ್ದು, ಅಕ್ಷಗಳನ್ನು ನಿಯಂತ್ರಿಸುವುದು ಎನ್‌ಸಿಯು ಎಂಬ ಇನ್ನೊಂದು ಘಟಕ. ಪರದೆ ಕಪ್ಪಾದ ಮಾತ್ರಕ್ಕೆ ಸ್ಪಿಂಡಲ್ ನಿಂತಿದೆ ಎಂದು ತಿಳಿದು ಕೈ ಹಾಕಬಾರದು. ಎಮರ್ಜೆನ್ಸಿ ಸ್ಟಾಪ್ ಒತ್ತಿ, ಮುಖ್ಯ ಸ್ವಿಚ್‌ಗೆ ಬೀಗ ಹಾಕಿದ ಮೇಲೆಯೇ ಪ್ಯಾನಲ್ ಬಾಗಿಲು ತೆರೆಯಬೇಕು.

ಎರಡನೆಯದು ಸಂಕೇತದ್ದು. 1980 ಮತ್ತು 90ರ ದಶಕದ ನಿಯಂತ್ರಕಗಳಲ್ಲಿ 9 ಅಂಗುಲದ ಏಕವರ್ಣ ಅಥವಾ 14 ಅಂಗುಲದ ಬಣ್ಣದ ಸಿಆರ್‌ಟಿಗಳಿದ್ದವು. ಸಾಮಾನ್ಯ ವಿಜಿಎಯ ಅಡ್ಡಗೆರೆ ವೇಗ 31.5 ಕಿಲೋಹರ್ಟ್ಸ್, ಆ ಹಳೆಯ ಪರದೆಗಳದು ಅದಕ್ಕಿಂತ ಕಡಿಮೆ, 15 ಕಿಲೋಹರ್ಟ್ಸ್ ಆಸುಪಾಸಿನವೂ ಇದ್ದವು. ಆದ್ದರಿಂದ ಕಚೇರಿಯ ಮಾನಿಟರ್ ತಂದು ಜೋಡಿಸಿದರೆ ಅದು ಚಿತ್ರ ತೋರದು. ನಡುವೆ ಪರಿವರ್ತಕ ಬೋರ್ಡು ಬೇಕು, ಇಲ್ಲವೆ ಆ ನಿಯಂತ್ರಕಕ್ಕೆಂದೇ ಮಾಡಿದ ಎಲ್‌ಸಿಡಿ ಬದಲಿ ಪರದೆ ಬೇಕು. ಹಳೆಯ ಲೇತ್‌ಗಳಿಗೆ ಇಂಥ ಎಲ್‌ಸಿಡಿ ಕೂರಿಸುವುದೇ ಒಂದು ಸಣ್ಣ ಕಸುಬಾಗಿದೆ.

ಮೂರನೆಯದು ನೆನಪು. ಫ್ಯಾನುಕ್ ಕಂಪನಿಯ ನಿಯಂತ್ರಕಗಳಲ್ಲಿ ಯಂತ್ರದ ಪ್ಯಾರಾಮೀಟರ್‌ಗಳು ಬ್ಯಾಟರಿ ಆಸರೆಯ ಮೆಮೊರಿಯಲ್ಲಿರುತ್ತವೆ. ಬ್ಯಾಟರಿ ಬಲ ಕುಂದಿದ ಎಚ್ಚರಿಕೆ ಬರುವುದು ಪರದೆಯ ಮೇಲೆ. ಪರದೆ ಆರಿದ ಯಂತ್ರವನ್ನು ತಿಂಗಳುಗಟ್ಟಲೆ ಮೂಲೆಗೆ ತಳ್ಳಿದರೆ ಎಚ್ಚರಿಕೆ ಯಾರ ಕಣ್ಣಿಗೂ ಬೀಳದೆ ಪ್ಯಾರಾಮೀಟರ್‌ಗಳೆಲ್ಲ ಅಳಿಸಿಹೋಗಬಹುದು. ಆಗ ಕೆಲವು ಸಾವಿರ ರೂಪಾಯಿಯ ಪರದೆ ಕೆಲಸ ಇಡೀ ಯಂತ್ರವನ್ನು ಮತ್ತೆ ಹೊಂದಿಸುವ ಕೆಲಸವಾಗಿ ಬೆಳೆಯುತ್ತದೆ. ಆ ಬ್ಯಾಟರಿಯನ್ನು ನಿಯಂತ್ರಕಕ್ಕೆ ವಿದ್ಯುತ್ ಇರುವಾಗಲೇ ಬದಲಿಸಬೇಕು ಎಂಬುದು ತಯಾರಕರ ಸೂಚನೆ, ಕಂಪ್ಯೂಟರ್ ದುರಸ್ತಿಯ ಅಭ್ಯಾಸಕ್ಕೆ ತೀರಾ ವಿರುದ್ಧ.

ಧೂಳು, ವಿದ್ಯುತ್, ನೀರು

ಪೀಣ್ಯದ ಶೆಡ್‌ಗಳ ಗಾಳಿಯಲ್ಲಿ ಬೀಡುಕಬ್ಬಿಣದ ಪುಡಿ ಮತ್ತು ಕೂಲಂಟ್ ಎಣ್ಣೆಯ ಮಂಜು ಸೇರಿರುತ್ತವೆ. ಎಣ್ಣೆ ಧೂಳನ್ನು ಹಿಡಿದಿಡುತ್ತದೆ, ಲೋಹದ ಪುಡಿ ವಿದ್ಯುತ್ ಹರಿಸುತ್ತದೆ. ಬಿಸಿಲುಗಾಲದಲ್ಲಿ ಪ್ಯಾನಲ್ ಕಾದಿದೆಯೆಂದು ಬಾಗಿಲು ತೆರೆದಿಟ್ಟು ಪೆಡೆಸ್ಟಲ್ ಫ್ಯಾನ್ ತಿರುಗಿಸುವುದು ಬೋರ್ಡುಗಳಿಗೆ ಈ ಮಿಶ್ರಣವನ್ನು ನೇರ ಬಳಿದಂತೆ.

ಮೂರು ಫೇಸ್ ಪೂರೈಕೆಯಲ್ಲಿ ನ್ಯೂಟ್ರಲ್ ತಂತಿ ತುಂಡಾದರೆ ಒಂದು ಫೇಸಿನ ಮೇಲಿನ 230 ವೋಲ್ಟ್ 400ರ ಹತ್ತಿರಕ್ಕೆ ಜಿಗಿಯಬಹುದು. ಎಸ್‌ಎಂಪಿಎಸ್‌ನ ಕೆಪಾಸಿಟರ್ ಮತ್ತು ರಕ್ಷಕ ಬಿಡಿಭಾಗಗಳು ಒಡೆಯುವುದು ಆಗಲೇ. ಮುಂಗಾರುಪೂರ್ವ ಸಿಡಿಲು ವಿದ್ಯುತ್ ತಂತಿಯಷ್ಟೇ ಅಲ್ಲ, ಜಾಲದ ಕೇಬಲ್‌ನಿಂದಲೂ ಒಳ ಬರುತ್ತದೆ.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು, ವೈಟ್‌ಫೀಲ್ಡ್ ಸುತ್ತಲಿನ ಬಡಾವಣೆ ಮತ್ತು ಕಚೇರಿಗಳಿಗೆ ನೀರು ನುಗ್ಗಿತ್ತು. ನೀರು ಕಂಡ ಯಂತ್ರವನ್ನು ಆನ್ ಮಾಡಿ ನೋಡುವುದೇ ಅದನ್ನು ಕೊಲ್ಲುವ ಕೆಲಸ. ಬ್ಯಾಟರಿ ಮತ್ತು ಬಿಲ್ಲೆ ಸೆಲ್ ಬಿಡಿಸಿ, ಬೋರ್ಡನ್ನು ಆಲ್ಕೊಹಾಲ್‌ನಿಂದ ತೊಳೆದು, ಒಣಗಿಸಿದ ನಂತರವೇ ಪರೀಕ್ಷೆ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವುದರಿಂದ ಚಿಪ್ಪಿನಡಿಯ ಕೊಳೆ ಹೋಗುವುದಿಲ್ಲ, ತುಕ್ಕು ನಿಲ್ಲುವುದೂ ಇಲ್ಲ.

ದುರಸ್ತಿ ವ್ಯವಸ್ಥೆ

ದೊಡ್ಡ ಕಂಪನಿಗಳಲ್ಲಿ ತಯಾರಕರ ವಾರಂಟಿ ಅಥವಾ ವಾರ್ಷಿಕ ನಿರ್ವಹಣಾ ಒಪ್ಪಂದ ಇರುತ್ತದೆ. ಅಲ್ಲಿ ದೋಷ ಹುಡುಕುವುದಕ್ಕಿಂತ ಬೋರ್ಡು ಬದಲಿಸುವುದೇ ರೂಢಿ. ವಾರಂಟಿ ಮುಗಿದ ಯಂತ್ರಗಳು 'ಚಿಪ್ ಲೆವೆಲ್ ಸರ್ವಿಸ್' ಫಲಕದ ಅಂಗಡಿಗಳಿಗೆ ಬರುತ್ತವೆ. ಅಲ್ಲಿ ಮಲ್ಟಿಮೀಟರಿನಿಂದ 19 ವೋಲ್ಟಿನ ಪ್ರವೇಶದಿಂದ ಹಿಡಿದು 5, 3.3 ವೋಲ್ಟಿನ ಸದಾಜಾಗೃತ ಸಾಲುಗಳವರೆಗೆ ಒಂದೊಂದನ್ನೇ ಅಳೆದು, ಶಾರ್ಟ್ ಆದ ಸಾಸಿವೆ ಗಾತ್ರದ ಕೆಪಾಸಿಟರನ್ನು ಹುಡುಕಿ ತೆಗೆಯುತ್ತಾರೆ. ಕೆಟ್ಟ ಬಯೋಸ್ ಚಿಪ್ಪಿಗೆ ಹೊರಗಿನ ಪ್ರೋಗ್ರಾಮರ್‌ನಿಂದ ಹೊಸ ಪ್ರತಿ ಬರೆಯುತ್ತಾರೆ. ಐಟಿಐಗಳ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆ ವೃತ್ತಿ ಈ ಕಸುಬಿಗೆ ಔಪಚಾರಿಕ ದಾರಿ. ಅಂಗಡಿಯಲ್ಲಿ ಕೂತು ಕಲಿತವರೂ ಕಡಿಮೆಯಿಲ್ಲ.

ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಆದರೆ ಲ್ಯಾಪ್‌ಟಾಪ್ ಬೋರ್ಡುಗಳ ನಕ್ಷೆಗಳನ್ನು ತಯಾರಕರು ಸಾಮಾನ್ಯವಾಗಿ ಹೊರಗಿನವರಿಗೆ ಕೊಡುವುದಿಲ್ಲ. ಚಿಪ್ ಮಟ್ಟದ ದುರಸ್ತಿ ಹೆಚ್ಚಾಗಿ ಕೈಯಿಂದ ಕೈಗೆ ಹೋಗುವ ಪ್ರತಿಗಳನ್ನೇ ನೆಚ್ಚಿದೆ.

ವಿಲೇವಾರಿ

ಚಿತ್ರ ಬಾರದ ಯಂತ್ರದಲ್ಲಿ ಡಿಸ್ಕು ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಇರುತ್ತದೆ. ಅದನ್ನು ಕಳಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಕಡತಗಳನ್ನು ಪಡೆಯಬಹುದು. ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ಮರುಪಡೆ ಕೀಲಿ ಬೇಕು, ಬೋರ್ಡಿಗೇ ಬೆಸೆದ ಸಂಗ್ರಹವಿದ್ದರೆ ಕಳಚುವಂತಿಲ್ಲ. ಯಂತ್ರ ಸತ್ತಿದೆಯೆಂದು ಡಿಸ್ಕು ಸಮೇತ ಗುಜರಿಗೆ ಕೊಟ್ಟರೆ ಬೀಗವಿಲ್ಲದ ಕಡತಗಳೂ ಅದರ ಜೊತೆ ಹೋಗುತ್ತವೆ.

ಸಿಆರ್‌ಟಿಯ ಗಾಜಿನಲ್ಲಿ ಸೀಸ, ಟ್ಯೂಬ್ ಹಿಂಬೆಳಕಿನ ಎಲ್‌ಸಿಡಿಯಲ್ಲಿ ಪಾದರಸ ಇರುವುದರಿಂದ ಅವನ್ನು ಒಡೆಯುವುದು ಅಪಾಯಕರ. ಇ-ತ್ಯಾಜ್ಯಕ್ಕೆ ಮೊದಲ ಪ್ರತ್ಯೇಕ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ ತಿಂಗಳಿಂದ ಜಾರಿಯಾದವು. ಈಗ ಚಾಲ್ತಿಯಲ್ಲಿರುವ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ. ನಿಯಮ ಬರುವ ಮೊದಲೇ, 2005ರಲ್ಲಿ, ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ಸಿಗುವ ದಾಬಸ್‌ಪೇಟೆಯಲ್ಲಿ ಇ-ಪರಿಸರ ಸಂಸ್ಥೆ ಸರ್ಕಾರದ ಅನುಮತಿಯೊಂದಿಗೆ ಕೆಲಸ ಆರಂಭಿಸಿತ್ತು.